ಕನ್ವರ್ಟರ್ ಡಬ್ಬಿಯ ಮೀಮಾಂಸೆ

ಅಮೆರಿಕದ ಕನ್ನಡ ಸಂಸಾರಗಳ ಗೃಹೋಪಕರಣ ಚರಿತ್ರೆಯನ್ನು ಮುಂದೆ ಯಾರಾದರೂ ಕ್ರಮವಾಗಿ ಬರೆಯುವುದಾದರೆ, ಪ್ರೆಷರ್ ಕುಕ್ಕರು ಸೂಟ್‌ಕೇಸಿನಲ್ಲಿ ಸಮುದ್ರ ದಾಟಿದ ಕಾಲ ಮತ್ತು ದೋಸೆ ಹಿಟ್ಟಿನ ಗ್ರೈಂಡರು 110 ವೋಲ್ಟಿಗೆ ಒಗ್ಗಿಕೊಂಡ ಕಾಲ ಎಂಬ ಎರಡು ಘಟ್ಟಗಳ ತರುವಾಯ, 2008 ಮತ್ತು 2009ನೆಯ ಇಸವಿಗಳನ್ನು ಡಬ್ಬಿಯುಗವೆಂದು ಗುರುತಿಸಬೇಕಾಗುತ್ತದೆ. ಇಲ್ಲಿ ಡಬ್ಬಿಯೆಂದರೆ ಕನ್ವರ್ಟರ್ ಬಾಕ್ಸ್; ಅಂದರೆ, ಗಾಳಿಯಲ್ಲಿ ಹರಡುವ ಡಿಜಿಟಲ್ ಪ್ರಸಾರವನ್ನು ಆಂಟೆನಾದ ಮೂಲಕ ಹಿಡಿದು, ಹಳೆಯ ಟಿವಿಗೆ ತಿಳಿಯುವ ಅನಲಾಗ್ ಸಂಕೇತವಾಗಿ ಬದಲಿಸಿ, ಅದನ್ನು ಮೂರನೆಯ ಅಥವಾ ನಾಲ್ಕನೆಯ ಚಾನೆಲ್ಲಿನಲ್ಲಿ ಬಿತ್ತರಿಸುವ, ಪಂಚಾಂಗದಷ್ಟು ಅಗಲದ ಒಂದು ಸಾಧನ. ಸಾಧನ ಚಿಕ್ಕದಾದರೂ ಅದನ್ನು ಆರಿಸುವ ಕಾರ್ಯವು ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳ ಕನ್ನಡ ಮನೆಗಳಲ್ಲಿ ವರ ನೋಡುವ ಕಾರ್ಯಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿತೆಂಬುದೇ ಈ ಪ್ರಬಂಧದ ವಿಷಯ.

ಡಬ್ಬಿಯ ಅಗತ್ಯ ಹುಟ್ಟಿದ್ದು ಕಾನೂನಿನಿಂದ. 2006ರ ಫೆಬ್ರವರಿಯಲ್ಲಿ ಅಂಕಿತ ಪಡೆದ ಶಾಸನವೊಂದು ದೇಶದ ಪೂರ್ಣ ಸಾಮರ್ಥ್ಯದ ಟಿವಿ ಕೇಂದ್ರಗಳೆಲ್ಲ 2009ರ ಫೆಬ್ರವರಿ 17ರೊಳಗೆ ಅನಲಾಗ್ ಪ್ರಸಾರವನ್ನು ನಿಲ್ಲಿಸತಕ್ಕದ್ದೆಂದು ವಿಧಿಸಿತು. ಅನಲಾಗ್ ಕ್ರಮದಲ್ಲಿ 6 ಮೆಗಾಹರ್ಟ್ಸ್ ಅಗಲದ ಒಂದು ಪಟ್ಟಿಯಲ್ಲಿ ಒಂದೇ ಕಾರ್ಯಕ್ರಮ ಹಿಡಿಯುತ್ತದೆ. ಅಷ್ಟೇ ಅಗಲದಲ್ಲಿ ಡಿಜಿಟಲ್ ಕ್ರಮವು ಒಂದು ಅತಿಸ್ಪಷ್ಟ ಚಿತ್ರವನ್ನೂ ಅದರ ಬೆನ್ನಿಗೆ ಒಂದೆರಡು ಉಪಚಾನೆಲ್ಲುಗಳನ್ನೂ ತುಂಬಿಸಬಲ್ಲದು. ಹೀಗೆ ಟಿವಿಯವರು ಒತ್ತರಿಸಿ ಕುಳಿತುಕೊಂಡದ್ದರಿಂದ 52ರಿಂದ 69ರವರೆಗಿನ ಚಾನೆಲ್ಲುಗಳ ಜಾಗ ತೆರವಾಯಿತು. ಅದರಲ್ಲಿ ಒಂದು ಭಾಗ ಪೊಲೀಸರು ಮತ್ತು ಅಗ್ನಿಶಾಮಕ ದಳಗಳ ಪಾಲಾದರೆ, 2008ರಲ್ಲಿ ಹರಾಜಾದ ಭಾಗದಿಂದ ಸರ್ಕಾರಕ್ಕೆ 1,900 ಕೋಟಿ ಡಾಲರಿಗೂ ಮಿಕ್ಕ ಹಣ ಬಂತು. ಪ್ರಜೆಗಳ ಟಿವಿಗಳನ್ನು ಕುರುಡಾಗಿಸಿದ ಪ್ರಾಯಶ್ಚಿತ್ತಕ್ಕೆ ಸರ್ಕಾರ ಮನೆಗೆ ಎರಡರಂತೆ 40 ಡಾಲರಿನ ಕೂಪನ್ನುಗಳನ್ನು ಅಂಚೆಯಲ್ಲಿ ಕಳುಹಿಸುವುದಾಗಿ ಸಾರಿತು. ಗಾಳಿಯನ್ನು ಮಾರಿ ಬಂದ ಹಣದಲ್ಲಿ ಗಾಳಿ ಹಿಡಿಯುವ ಡಬ್ಬಿಗೆ ರಿಯಾಯಿತಿ ಕೊಡುವ ಈ ಏರ್ಪಾಡನ್ನು, ಮೈಸೂರಿನಿಂದ ಬಂದ ನಿವೃತ್ತ ಮಾವನವರೆಲ್ಲ ಒಂದೇ ಮಾತಿನಲ್ಲಿ ಮೆಚ್ಚಿಕೊಂಡರು.

ಶಾಸ್ತ್ರಗ್ರಂಥಗಳು ಆರಂಭದಲ್ಲೇ ಅಧಿಕಾರಿ ಯಾರು, ಪ್ರಯೋಜನ ಏನು ಎಂಬುದನ್ನು ನಿರ್ಣಯಿಸುವುದು ವಾಡಿಕೆ. ಕೇಬಲ್ ಅಥವಾ ಉಪಗ್ರಹ ಚಂದಾ ಇರುವ ಟಿವಿಗೆ ಡಬ್ಬಿ ಬೇಕಿಲ್ಲ. 2007ರ ಮಾರ್ಚ್ 1ರ ತರುವಾಯ ತಯಾರಾದ ಟಿವಿಗಳಿಗೆ ಡಿಜಿಟಲ್ ಟ್ಯೂನರು ಕಡ್ಡಾಯವಾದ್ದರಿಂದ ಅವುಗಳಿಗೂ ಬೇಕಿಲ್ಲ. ಕೇಬಲ್ ಇಲ್ಲದ, ಹಳೆಯ, ಆಂಟೆನಾವನ್ನೇ ನಂಬಿದ ಟಿವಿ ಮಾತ್ರ ಡಬ್ಬಿಗೆ ಅಧಿಕಾರಿ. ಕನ್ನಡ ಮನೆಯಲ್ಲಿ ಅಂಥ ಟಿವಿ ಇದ್ದ ಸ್ಥಳ ಒಂದೇ. ಹಾಲ್‌ನಲ್ಲಿ ಚಪ್ಪಟೆ ಟಿವಿ ಪ್ರತಿಷ್ಠಾಪನೆಯಾದ ದಿನ ಪದಚ್ಯುತವಾದ 27 ಇಂಚಿನ ಗಾಜಿನ ಕೊಳವೆಯ ಟಿವಿಯನ್ನು ಇಬ್ಬರು ಹೊತ್ತು ತಂದು ಇಟ್ಟದ್ದು ‘ಅಪ್ಪ ಅಮ್ಮನ ರೂಮ್’ ಎಂಬ ಕೋಣೆಯಲ್ಲಿ. ಆರು ತಿಂಗಳ ಸಂದರ್ಶಕ ವೀಸಾದ ಮೇಲೆ ಬರುವ ಹಿರಿಯರು ಊರಿಗೆ ಮರಳಿದ ಮೇಲೂ ಈ ಹೆಸರು ಬದಲಾಗುವುದಿಲ್ಲ. ಆ ಕೋಣೆಗೆ ಕೇಬಲ್ ಎಳೆಸಿದರೆ ತಿಂಗಳಿಗೆ ಹೆಚ್ಚಿನ ಹಣ ತೆರಬೇಕು. ಟಿವಿಯನ್ನು ಎಸೆಯೋಣವೆಂದರೆ, ಕೊಳವೆಯಲ್ಲಿ ಸೀಸವಿರುವ ಕಾರಣ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಕಸದ ತೊಟ್ಟಿಗೆ ಹಾಕುವಂತಿಲ್ಲ. ಕಾನೂನು ಬಿಟ್ಟರೂ ಅತ್ತೆಯವರು ಬಿಡುವುದಿಲ್ಲ. ಕೆಟ್ಟಿರದ ವಸ್ತುವನ್ನು ಹೊರಗೆ ಹಾಕಿದ ಮನೆಯಲ್ಲಿ ಲಕ್ಷ್ಮಿ ನಿಲ್ಲಳೆಂಬುದು ಅವರ ಪಕ್ಷ. ಆದ್ದರಿಂದ ಡಬ್ಬಿಯ ಆಯ್ಕೆಯೆಂಬುದು ತತ್ತ್ವತಃ ಹಳೆಯ ಟಿವಿಯನ್ನು ಉಳಿಸಿಕೊಳ್ಳುವ ಬಗ್ಗೆ ಮನೆಯವರೆಲ್ಲ ಸೇರಿ ಮಾಡಿಕೊಂಡ ಒಡಂಬಡಿಕೆಯೆಂದು ತಿಳಿಯಬೇಕು.

ಕೂಪನ್ನಿನ ವಿಷಯ ಇಲ್ಲಿ ಸಂಕ್ಷೇಪವಾಗಿ ಹೇಳತಕ್ಕದ್ದು. ಅದಕ್ಕಿದ್ದುದು 90 ದಿನಗಳ ಆಯುಷ್ಯ; ಒಂದು ಡಬ್ಬಿಗೆ ಒಂದೇ ಕೂಪನ್ ಸಲ್ಲುತ್ತಿತ್ತು. ಬಳಸದೆ ಉಳಿದ ಕೂಪನ್ನುಗಳ ಮೊತ್ತವನ್ನೂ ಅವುಗಳ ಅವಧಿ ಮುಗಿಯುವವರೆಗೆ ಸರ್ಕಾರ ಲೆಕ್ಕದಲ್ಲಿ ಕಾದಿರಿಸಬೇಕಾಗಿದ್ದರಿಂದ, 2009ರ ಜನವರಿ ಆರಂಭದಲ್ಲಿ ಯೋಜನೆ ತನ್ನ ಹಣದ ಮಿತಿಯನ್ನು ಮುಟ್ಟಿ, ಹೊಸ ಅರ್ಜಿದಾರರು ಸರದಿಯಲ್ಲಿ ಕಾಯಬೇಕಾಯಿತು. ಕೊನೆಗೆ ಸಂಸತ್ತೇ ಗಡುವನ್ನು ಜೂನ್ 12ಕ್ಕೆ ಮುಂದೂಡಿತು. ಒಂದು ರಾಷ್ಟ್ರದ ಪ್ರಸಾರ ನೀತಿಯ ಮೇಲೆ ಅಡುಗೆಮನೆಯ ಡ್ರಾಯರು ಹೀಗೆ ಪ್ರಭಾವ ಬೀರಿದ ಉದಾಹರಣೆ ಅಪರೂಪ. ಕನ್ನಡ ಮನೆಗಳ ಡ್ರಾಯರುಗಳಲ್ಲಿ ಪಿಜ್ಜಾ ಕೂಪನ್ನು, ಎಣ್ಣೆ ಬದಲಾವಣೆಯ ಕೂಪನ್ನು ಮತ್ತು ಕನ್ನಡ ಕೂಟದ ಯುಗಾದಿ ಊಟದ ಟಿಕೆಟ್ಟುಗಳ ನಡುವೆ ಮಲಗಿದ್ದ ಸರ್ಕಾರಿ ಕೂಪನ್ನುಗಳ ಪಾತ್ರವೂ ಇದರಲ್ಲಿ ಅಲ್ಪವಲ್ಲ. ಏಕೆಂದರೆ ಯಾವ ಡಬ್ಬಿಯೆಂದು ನಿರ್ಣಯವಾಗದೆ ಕೂಪನ್ನನ್ನು ಖರ್ಚು ಮಾಡುವುದು ಅವಿವೇಕವೆಂದು ಆ ಮನೆಗಳ ಯಜಮಾನರು ನಂಬಿದ್ದರು.

ನಿರ್ಣಯ ಏಕೆ ತಡವಾಯಿತೆಂಬುದು ಮುಂದಿನ ಪ್ರಶ್ನೆ. ಕೂಪನ್ನಿಗೆ ಅರ್ಹವಾದ ಡಬ್ಬಿಯಲ್ಲಿ ರೆಕಾರ್ಡರು ಇರಕೂಡದು, ಡಿವಿಡಿ ಇರಕೂಡದು, ಎಚ್‌ಡಿಎಂಐ ಕಿಂಡಿ ಇರಕೂಡದು. ರಿಮೋಟು ಮಾತ್ರ ಇರಲೇಬೇಕೆಂದು ನಿಯಮವಿತ್ತು. ಹೀಗಾಗಿ ಸುಮಾರು 40ರಿಂದ 80 ಡಾಲರಿನೊಳಗೆ ಮಾರಾಟವಾದ ಡಬ್ಬಿಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದವು. ವಸ್ತುಗಳ ನಡುವೆ ಭೇದ ಕಡಿಮೆಯಾದಷ್ಟೂ ವಾದ ದೀರ್ಘವಾಗುತ್ತದೆಂಬುದು ಮೂರು ಮತಗಳ ನಾಡಿನಿಂದ ಹೋದವರಿಗೆ ಹೊಸ ಸಂಗತಿಯೇನಲ್ಲ. ಡಬ್ಬಿಯ ವಿಷಯದಲ್ಲಿ ನಾಲ್ಕು ಪಕ್ಷಗಳನ್ನು ಗುರುತಿಸಬಹುದು.

ಮೊದಲನೆಯದು ಯಜಮಾನನ ಲಕ್ಷಣಪಕ್ಷ. ಹಗಲೆಲ್ಲ ಚಿಪ್ಪು ವಿನ್ಯಾಸ ಮಾಡುವ ಈತ ರಾತ್ರಿ ಎಕ್ಸೆಲ್ ಹಾಳೆಯೊಂದನ್ನು ತೆರೆದು ಡಬ್ಬಿಗಳ ಗುಣಲಕ್ಷಣಗಳನ್ನು ಕೋಷ್ಟಕಕ್ಕೆ ಇಳಿಸುತ್ತಾನೆ. ಅನಲಾಗ್ ಪಾಸ್‌ಥ್ರೂ, ಅಂದರೆ ಗಡುವಿನ ನಂತರವೂ ಅನಲಾಗ್‌ನಲ್ಲೇ ಉಳಿಯಲು ಅನುಮತಿ ಪಡೆದ ಸಣ್ಣ ಸಾಮರ್ಥ್ಯದ ಕೇಂದ್ರಗಳ ಸಂಕೇತವನ್ನು ಡಬ್ಬಿ ತಡೆಯದೆ ಟಿವಿಗೆ ಬಿಟ್ಟುಕೊಡುವ ಗುಣ, ಅವನ ಮೊದಲ ಅಂಕಣ. ಅಂಥ ಕೇಂದ್ರವನ್ನು ಆ ಮನೆಯಲ್ಲಿ ಯಾರೂ ಎಂದೂ ನೋಡಿರಲಿಲ್ಲವೆಂಬುದು ಆ ಅಂಕಣಕ್ಕೆ ಬಾಧಕವಾಗಲಿಲ್ಲ. ಆಂಟೆನಾದ ದಿಕ್ಕನ್ನು ಡಬ್ಬಿಯೇ ಬದಲಿಸುವ ಸ್ಮಾರ್ಟ್ ಆಂಟೆನಾ ಕಿಂಡಿ ಎರಡನೆಯದು. ಅದಕ್ಕೆ ತಕ್ಕ ಆಂಟೆನಾ ಕೊಳ್ಳುವ ಉದ್ದೇಶ ಯಾರಿಗೂ ಇರಲಿಲ್ಲ.

ಎರಡನೆಯದು ಸೊಸೆಯ ರಿಮೋಟ್‌ಪಕ್ಷ. ಆಫೀಸಿನ ಮೀಟಿಂಗಿನ ನಡುವೆ “ಪುಟ್ಟಾ, ಟಿವಿ ನೀಲಿಯಾಗಿದೆಯಮ್ಮಾ” ಎಂಬ ಫೋನು ಬರುವುದು ತನಗೇ ಹೊರತು ಎಕ್ಸೆಲ್ ಹಾಳೆಗೆ ಅಲ್ಲವಾದ್ದರಿಂದ, ಗುಂಡಿಗಳು ದೊಡ್ಡವಾಗಿ ಕೆಲವೇ ಇರುವ, ಟಿವಿಯ ಧ್ವನಿಯನ್ನೂ ತಾನೇ ಏರಿಸಿ ಇಳಿಸಬಲ್ಲ ರಿಮೋಟುಳ್ಳ ಡಬ್ಬಿಯೇ ಶ್ರೇಷ್ಠವೆಂದು ಆಕೆ ವಾದಿಸುತ್ತಾಳೆ. ಮೂರನೆಯದು ಮಾವನವರ ವಿನಿಮಯಪಕ್ಷ. 50 ಡಾಲರಿನ ಡಬ್ಬಿಗೆ ಕೂಪನ್ ಕಳೆದು ಹತ್ತು ಡಾಲರ್, ಮೇಲೆ ಮಾರಾಟ ತೆರಿಗೆ. ಅಂದಿನ ದರದಲ್ಲಿ ಆ ಹತ್ತು ಡಾಲರೇ ಸುಮಾರು 500 ರೂಪಾಯಿಯಾಗುತ್ತದೆಂದೂ, ಆ ಹಣಕ್ಕೆ ಮೈಸೂರಿನಲ್ಲಿ ಒಂದು ತಿಂಗಳ ಹಾಲು ಬರುತ್ತದೆಂದೂ, ಆದ್ದರಿಂದ 40 ಡಾಲರಿನ ಡಬ್ಬಿಯೇ ಸಾಕೆಂದೂ ಅವರ ಸಿದ್ಧಾಂತ. ನಾಲ್ಕನೆಯ ಪಕ್ಷ ಅತ್ತೆಯವರದು, ಅದು ಒಂದೇ ವಾಕ್ಯದ್ದು: “ಅದ್ರಲ್ಲಿ ಕನ್ನಡ ಬರುತ್ತೇನೋ?” ಬರುವುದಿಲ್ಲ. ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಅನೇಕ ಅಂಕಣಗಳ ಕೋಷ್ಟಕದಲ್ಲಿ ಈ ಅಂಕಣ ಒಂದೇ ಇರಲಿಲ್ಲವೆಂಬುದು ಅಂದು ಎಲ್ಲರ ಗಮನಕ್ಕೆ ಬಂದರೂ, ಚರ್ಚೆ ಬಹುದೂರ ಬಂದುಬಿಟ್ಟಿದ್ದ ಕಾರಣ ಆಕ್ಷೇಪವನ್ನು ಅಪ್ರಸ್ತುತವೆಂದು ತಳ್ಳಿಹಾಕಲಾಯಿತು.

ಕೊಂಡು ತಂದ ಡಬ್ಬಿಯನ್ನು ಹೂಡುವ ಪ್ರಕರಣದಲ್ಲಿ ಹಿರಿಯರ ಸ್ಥಾನಮಾನ ಒಮ್ಮೆಲೇ ಏರಿತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಬಹುತೇಕ ಮುಖ್ಯ ಕೇಂದ್ರಗಳ ಪ್ರಸಾರ ಆ ನಗರದ ಗುಡ್ಡದ ಮೇಲಿರುವ, 1973ರಿಂದ ಬಳಕೆಯಲ್ಲಿರುವ, ಸುಮಾರು 298 ಮೀಟರ್ ಎತ್ತರದ ಮೂರು ಕೊಂಬಿನ ಸೂಟ್ರೊ ಗೋಪುರದಿಂದ ಹೊರಡುತ್ತದೆ. ಸನ್ನಿವೇಲಿನಿಂದ ನೋಡಿದರೆ ಅದು ಮೂವತ್ತು ಮೈಲಿಗೂ ಆಚೆ, ವಾಯವ್ಯ ದಿಕ್ಕಿನಲ್ಲಿದೆ. ವಾಯವ್ಯವು ವಾಸ್ತುಶಾಸ್ತ್ರದಂತೆ ವಾಯುದೇವನ ಮೂಲೆಯಾದ್ದರಿಂದ ಗಾಳಿಯಲ್ಲಿ ಬರುವ ಪದಾರ್ಥ ಅಲ್ಲಿಂದಲೇ ಬರತಕ್ಕದ್ದೆಂದು ಮಾವನವರು ನಕ್ಷೆಯನ್ನು ನೋಡದೆಯೇ ಹೇಳಿದರು. ಮಗ ನಕ್ಷೆ, ದಿಕ್ಸೂಚಿ ಮತ್ತು ಕೋನಮಾಪನಗಳಿಂದ ಅದೇ ತೀರ್ಮಾನಕ್ಕೆ ಬರುವಷ್ಟರಲ್ಲಿ ಕಾಫಿ ಆರಿತ್ತು.

ಆಂಟೆನಾ ತಿರುಗಿಸುವುದರಲ್ಲಿ ಈ ತಲೆಮಾರಿಗೆ ಇದ್ದ ಪರಿಣತಿ ಸಾಮಾನ್ಯವಾದುದಲ್ಲ. 1987–88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ‘ರಾಮಾಯಣ’ ಮೊದಲಾಗುವ ಮುನ್ನ ತಾರಸಿ ಹತ್ತಿದವರು, ಕೆಳಗಿನಿಂದ ಬರುವ “ಬಂತು”, “ಹೋಯ್ತು”, “ಇನ್ನೊಂಚೂರು” ಎಂಬ ಮೂರು ಸಂಕೇತಗಳಿಂದಲೇ ಶ್ರೀರಾಮನನ್ನು ಪರದೆಗೆ ಆವಾಹಿಸುತ್ತಿದ್ದರು. ಅನಲಾಗ್ ಚಿತ್ರವು ಸಂಕೇತ ಕುಗ್ಗಿದಂತೆ ಚುಕ್ಕೆ ಚುಕ್ಕೆಯಾಗಿ, ನೆರಳು ನೆರಳಾಗಿ ಕ್ರಮೇಣ ಕೆಡುವುದರಿಂದ ಆ ಪದ್ಧತಿ ಫಲಿಸುತ್ತಿತ್ತು. ಡಿಜಿಟಲ್ ಚಿತ್ರವಾದರೋ ಕಾಯಿಸಿದ ಹಾಲಿನಂತೆ. ಕೊನೆಯ ಕ್ಷಣದವರೆಗೆ ನಿರ್ಮಲವಾಗಿದ್ದು ಒಮ್ಮೆಲೇ ಒಡೆದು ಗೆಡ್ಡೆ ಗೆಡ್ಡೆಯಾಗುತ್ತದೆ. ಮೇಲಾಗಿ ಡಬ್ಬಿಯು ಸಂಕೇತವನ್ನು ಹಿಡಿದು ಬಿಡಿಸಿ ಚಿತ್ರ ಮಾಡುವುದಕ್ಕೆ ಒಂದೆರಡು ಸೆಕೆಂಡು ಬೇಕು. ಆದ್ದರಿಂದ “ಬಂತು” ಎಂಬ ಕೂಗು ಹೊರಡುವ ಹೊತ್ತಿಗೆ ಕೈ ಮುಂದಿನ ಸ್ಥಾನಕ್ಕೆ ಸರಿದಿರುತ್ತದೆ, “ಹೋಯ್ತು” ಎಂದಾಗ ಸರಿಯಾದ ಸ್ಥಾನಕ್ಕೆ ಮರಳಿರುತ್ತದೆ. ಮನುಷ್ಯ ಶರೀರವೂ ರೇಡಿಯೋ ಅಲೆಗಳನ್ನು ತಡೆಯುವ ಮತ್ತು ಪ್ರತಿಫಲಿಸುವ ಪದಾರ್ಥವಾದ ಕಾರಣ ಮಾವನವರು ಪಕ್ಕದಲ್ಲಿ ನಿಂತಾಗ ಮಾತ್ರ ಐದನೆಯ ಚಾನೆಲ್ ಸ್ಥಿರವಾಗುತ್ತಿದ್ದ ಮನೆಗಳಲ್ಲಿ, “ಅಪ್ಪಾ, ಸುದ್ದಿ ಮುಗಿಯೋವರೆಗೂ ಹಾಗೇ ನಿಂತಿರಿ” ಎಂಬ ವಿನಂತಿ ಕೇಳಿಬಂದುದುಂಟು. ಹಾಗೆ ನಿಂತವರಿಗೆ ಸುದ್ದಿ ಕಾಣುತ್ತಿರಲಿಲ್ಲ.

ಡಬ್ಬಿ ನೆಲೆಗೊಂಡ ಮೇಲೆ ಟಿವಿಯನ್ನು ಮೂರನೆಯ ಚಾನೆಲ್ಲಿನಲ್ಲಿ ಕಟ್ಟಿಹಾಕಿ, ಉಳಿದುದನ್ನೆಲ್ಲ ಡಬ್ಬಿಯ ರಿಮೋಟಿನಿಂದಲೇ ನಡೆಸಬೇಕು. ಎರಡು ರಿಮೋಟುಗಳಿಗೂ ಅತ್ತೆಯವರು ಒಂದೇ ಬಗೆಯ ಪ್ಲಾಸ್ಟಿಕ್ ಹೊದಿಕೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿದದ್ದರಿಂದ ಅವುಗಳ ಭೇದ ಅಳಿಸಿಹೋಯಿತು. ವಿದ್ಯುತ್ ಉಳಿತಾಯದ ನಿಯಮದಂತೆ, ನಾಲ್ಕು ಗಂಟೆ ಯಾರೂ ಗುಂಡಿ ಒತ್ತದಿದ್ದರೆ ಡಬ್ಬಿ ತಾನಾಗಿ ನಿದ್ರೆಗೆ ಜಾರುತ್ತದೆ. ಮಧ್ಯಾಹ್ನದ ಊಟದಿಂದ ಸಂಜೆಯವರೆಗೆ ಒಂದೇ ಚಾನೆಲ್ ನೋಡುವವರ ಮೇಲೆ ಸರ್ಕಾರ ಕಣ್ಣಿಟ್ಟಿದೆಯೆಂಬ ಶಂಕೆ ಇದರಿಂದ ಹುಟ್ಟಿತು. ಅಗಲವಾದ ಚಿತ್ರವನ್ನು ಚೌಕನೆಯ ಪರದೆಯಲ್ಲಿ ಕೂರಿಸಿದಾಗ ಮೇಲೆ ಕೆಳಗೆ ಮೂಡುವ ಕಪ್ಪು ಪಟ್ಟಿಗಳನ್ನು ಕಂಡು, ಕೊಟ್ಟ ದುಡ್ಡಿಗೆ ಪೂರ್ತಿ ಚಿತ್ರ ಬರುತ್ತಿಲ್ಲವೆಂಬ ದೂರು ಹುಟ್ಟಿತು. ಜೂಮ್ ಗುಂಡಿ ಒತ್ತಿದಾಗ ಪಟ್ಟಿಗಳೊಡನೆ ಅಂಚಿನಲ್ಲಿ ನಿಂತ ಪಾತ್ರಗಳೂ ಮಾಯವಾದುವು.

ಜೂನ್ 12ರಂದು ಹೊಸ ತೊಡಕು ಬಂತು. ಅಂದು ಸ್ಯಾನ್ ಫ್ರಾನ್ಸಿಸ್ಕೊದ ಏಳನೆಯ ಚಾನೆಲ್ಲಿನ ಡಿಜಿಟಲ್ ಪ್ರಸಾರ ತಾತ್ಕಾಲಿಕ ಸ್ಥಾನವನ್ನು ಬಿಟ್ಟು ಹಳೆಯ ಏಳನೆಯ ಸ್ಥಾನಕ್ಕೆ, ಅಂದರೆ 2ರಿಂದ 13ರವರೆಗಿನ ಚಾನೆಲ್ಲುಗಳ ವಿಎಚ್‌ಎಫ್ ಪಟ್ಟಿಗೆ ಮರಳಿತು. ಡಬ್ಬಿ ಹೊಸದಾಗಿ ಸ್ಕ್ಯಾನ್ ಮಾಡದೆ ಅದು ಸಿಗದು. ಮಾಡಿದರೂ ‘ಡಿಜಿಟಲ್ ಆಂಟೆನಾ’ ಎಂಬ ಹೆಸರಿನಲ್ಲಿ ಮಾರಾಟವಾದ, ಮೇಲಿನ ಯುಎಚ್‌ಎಫ್ ಪಟ್ಟಿಯನ್ನು ಮಾತ್ರ ಹಿಡಿಯುವ ಪುಟ್ಟ ಬಳೆಯಲ್ಲಿ ಅದು ಸರಿಯಾಗಿ ಸಿಗದು. ಗ್ಯಾರೇಜಿನ ಮೂಲೆಯಲ್ಲಿದ್ದ ಎರಡು ಕೋಲಿನ ಹಳೆಯ ಆಂಟೆನಾವನ್ನು ಹಚ್ಚಿದಾಗ ಏಳನೆಯ ಚಾನೆಲ್ ಕಣ್ಣು ತೆರೆಯಿತು. ಏನನ್ನೂ ಎಸೆಯಬಾರದೆಂಬ ಅತ್ತೆಯವರ ಪಕ್ಷಕ್ಕೆ ಇಷ್ಟು ಸ್ಪಷ್ಟವಾದ ಪ್ರಾಯೋಗಿಕ ಸಮರ್ಥನೆ ಹಿಂದೆಂದೂ ದೊರೆತಿರಲಿಲ್ಲ. ಅದೇ ವಾರ ಗ್ಯಾರೇಜು ಖಾಲಿ ಮಾಡುವ ಯೋಜನೆ ಅನಿರ್ದಿಷ್ಟ ಕಾಲ ಮುಂದಕ್ಕೆ ಹೋಯಿತು.

ಇಷ್ಟಾದ ಮೇಲೆ ಆ ಕೋಣೆಯಲ್ಲಿ ನೋಡಿದ್ದೇನು ಎಂದರೆ, ಮಾವನವರು ಹವಾಮಾನ ವರದಿಯನ್ನೂ, ಅತ್ತೆಯವರು ಧ್ವನಿಯಿಲ್ಲದೆ ಸಾರ್ವಜನಿಕ ಕೇಂದ್ರದ ಅಡುಗೆ ಕಾರ್ಯಕ್ರಮಗಳನ್ನೂ ನೋಡಿದರು. ಒಗ್ಗರಣೆ ಹಾಕದೆ ಒಲೆ ಆರಿಸುವವರ ಮಾತಿನಲ್ಲಿ ಕೇಳುವಂಥದ್ದೇನೂ ಇಲ್ಲವೆಂಬುದು ಅವರ ಅಭಿಪ್ರಾಯ. ಕನ್ನಡ ಸಿನಿಮಾ ಹಾಲ್‌ನ ಡಿವಿಡಿಯಲ್ಲೇ ಉಳಿಯಿತು. ಆದರೆ ನಾಲ್ಕು ತಿಂಗಳ ಕಾಲ ನಾಲ್ವರು ವಯಸ್ಕರು ಊಟದ ಮೇಜಿನಲ್ಲಿ ಒಂದೇ ವಿಷಯವನ್ನು ಮಾತಾಡಿದರೆಂಬ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ಕಾರು ಓಡಿಸಲಾಗದೆ, ಪಕ್ಕದ ಮನೆಯವರ ಹೆಸರೂ ತಿಳಿಯದೆ ಕಳೆಯಬೇಕಾಗಿದ್ದ ಆರು ತಿಂಗಳಲ್ಲಿ ಮಾವನವರಿಗೆ ಒಂದು ಖಾತೆ ಸಿಕ್ಕಿತು. ಮಗನಿಗೆ ತನ್ನ ಕೋಷ್ಟಕವನ್ನು ಕೊನೆಯವರೆಗೆ ಓದಿದ ಏಕೈಕ ಓದುಗ ಸಿಕ್ಕಿದ.

ಈ ವಿದ್ಯೆಯ ಉತ್ತರಕಾಂಡ ಭಾರತದಲ್ಲಿ ನಡೆಯಿತು. ಕೇಬಲ್ ಡಿಜಿಟಲೀಕರಣದ ಎರಡನೆಯ ಹಂತದಲ್ಲಿ ಬೆಂಗಳೂರು ಮತ್ತು ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವು ಬಿದ್ದು, ಅಲ್ಲಿಯ ಟಿವಿಗಳಿಗೂ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಕೂಪನ್ ಇಲ್ಲದ, ಅಂಚೆ ಇಲ್ಲದ ಈ ವ್ಯವಸ್ಥೆಯಲ್ಲಿ ವೃದ್ಧರು ಹೇಗೆ ನಿಭಾಯಿಸುವರೆಂದು ಚಿಂತಿಸಿದ ಸನ್ನಿವೇಲಿನ ಮಗ ಹೊಸ ಕೋಷ್ಟಕವೊಂದನ್ನು ಆರಂಭಿಸಿ, ಭಾನುವಾರದ ಫೋನಿನಲ್ಲಿ ಅದರ ಮೊದಲ ಅಂಕಣವನ್ನು ವಿವರಿಸತೊಡಗಿದಾಗ, ಅತ್ತ ಕಡೆಯಿಂದ ಬಂದ ಉತ್ತರ ಇಷ್ಟು: “ಕೇಬಲ್ ಹುಡುಗ ನಿನ್ನೇನೇ ಬಂದು ಹಾಕ್ಕೊಟ್ಟು ಹೋದನಪ್ಪ. ಯಾವ್ದು ಅಂತ ನಾವು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಕನ್ನಡ ಎಲ್ಲಾ ಬರ್ತಿದೆ.”