ಗ್ರೆಪ್‌ಮಣಿದರ್ಪಣ

ಕಡತವೊಂದರ ಸಾಲುಗಳನ್ನು ಒಂದೊಂದಾಗಿ ಓದಿ, ಕೊಟ್ಟ ಲಕ್ಷಣಕ್ಕೆ ಹೊಂದುವ ಸಾಲನ್ನು ತೋರಿಸಿ, ಹೊಂದದ್ದನ್ನು ಕಡೆಗಣಿಸುವ ಯುನಿಕ್ಸ್ ಕಮಾಂಡಿಗೆ ಗ್ರೆಪ್ ಎಂದು ಹೆಸರು. ಆ ಲಕ್ಷಣವನ್ನು ಹೇಳುವ ಸೂತ್ರಭಾಷೆ ರೆಗ್ಯುಲರ್ ಎಕ್ಸ್‌ಪ್ರೆಶನ್. ಬಳಸಿ ಬಳಲಿದವರು ರೆಜೆಕ್ಸ್ ಎಂದಷ್ಟೇ ಅನ್ನುತ್ತಾರೆ. ಶಾಸ್ತ್ರಗ್ರಂಥಗಳ ವಾಡಿಕೆಯಂತೆ ಅಧಿಕಾರಿಯ ನಿರ್ಣಯ ಮೊದಲು. ಕಪ್ಪು ಪರದೆಯನ್ನು ಕಂಡು ಎದೆಗುಂದದವನು, ಮೌಸಿನಲ್ಲಿ ವೈರಾಗ್ಯ ತಾಳಿದವನು, ಒಂದು ಚುಕ್ಕಿಗಾಗಿ ಅರ್ಧ ದಿನ ಕಳೆಯಬಲ್ಲವನು ಈ ವಿದ್ಯೆಗೆ ಅಧಿಕಾರಿ. ಉಳಿದವರಿಗೆ ಕಂಟ್ರೋಲ್-ಎಫ್ ಎಂಬ ಭಕ್ತಿಮಾರ್ಗವಿದೆ.

ಶಾಸ್ತ್ರದ ಮೂಲ ನರಮಂಡಲದಲ್ಲಿದೆ. 1943ರಲ್ಲಿ ಮೆಕ್‌ಕಲಕ್ ಮತ್ತು ಪಿಟ್ಸ್ ನರಕೋಶಗಳಿಗೊಂದು ಗಣಿತರೂಪ ಕೊಟ್ಟರು. ಅಂಥ ನರಜಾಲ ಏನೇನನ್ನು ಗುರುತಿಸಬಲ್ಲದೆಂದು 1951ರಲ್ಲಿ ವಿಚಾರಿಸಿದ ಗಣಿತಜ್ಞ ಸ್ಟೀಫನ್ ಕ್ಲೇನಿ ಇಂದಿನ ರೆಜೆಕ್ಸಿನ ‘*’ ಎಂಬ ನಕ್ಷತ್ರಚಿಹ್ನೆಯ ಮೂಲಪುರುಷ. ಮಿದುಳನ್ನು ಅರಿಯಲು ಹೊಸೆದ ಸೂತ್ರಗಳು ಕಾಲಾಂತರದಲ್ಲಿ ಲಾಗ್ ಕಡತದಲ್ಲಿ ‘ಎರರ್’ ಹುಡುಕುವುದಕ್ಕೆ ಬಂದು ನಿಂತವು. ನಡುವಿನ ಭಾಷ್ಯಕಾರ ಬೆಲ್ ಲ್ಯಾಬ್ಸಿನ ಕೆನ್ ಥಾಂಪ್ಸನ್: 1968ರಲ್ಲಿ ಹುಡುಕುವ ವಿಧಾನವನ್ನು ಪ್ರಕಟಿಸಿದವನೂ, ಎಡ್ ಎಂಬ ಎಡಿಟರಿನ ಹೊಟ್ಟೆಯಲ್ಲಿದ್ದ ಈ ವಿದ್ಯೆಯನ್ನು ಬೇರ್ಪಡಿಸಿ ಗ್ರೆಪ್ ಮಾಡಿದವನೂ ಆತನೇ. 1973ರ ಯುನಿಕ್ಸಿನ ನಾಲ್ಕನೆಯ ಆವೃತ್ತಿಯಲ್ಲಿ ಅದು ಸೇರಿತು. ಸಹೋದ್ಯೋಗಿ ಲೀ ಮೆಕ್‌ಮಹನ್ ಅಮೆರಿಕದ ಫೆಡರಲಿಸ್ಟ್ ಲೇಖನಗಳಲ್ಲಿ ಯಾವುದು ಯಾರದೆಂದು ತಿಳಿಯಹೊರಟಿದ್ದ. 85 ಲೇಖನಗಳ ಆ ರಾಶಿ ಎಡ್‌ಗೆ ಹಿಡಿಸಲಿಲ್ಲ; ಗ್ರೆಪ್ ಬೇರೆಯಾಗಲು ಅದೇ ನಿಮಿತ್ತ. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಜಗಳವನ್ನು ಯಾವ ಯಂತ್ರದ ನೆರವೂ ಇಲ್ಲದೆ ನಡೆಸಿಕೊಂಡು ಬಂದ ಕನ್ನಡ ವಿದ್ವಾಂಸರ ದೇಹದಾರ್ಢ್ಯ ಇಲ್ಲಿ ಸ್ಮರಣೀಯ.

ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು ಎಂಬುದು ಪೂರ್ವಪಕ್ಷ. ಅಚ್ ಎಂದರೆ ಎಲ್ಲ ಸ್ವರಗಳು, ಹಲ್ ಎಂದರೆ ಎಲ್ಲ ವ್ಯಂಜನಗಳು ಎಂಬ ಪಾಣಿನಿಯ ಪ್ರತ್ಯಾಹಾರಕ್ಕೂ, ಒಳಗಿಟ್ಟ ಚಿಹ್ನೆಗಳಲ್ಲಿ ಯಾವುದಾದರೂ ಒಂದಕ್ಕೆ ಹೊಂದುವ ರೆಜೆಕ್ಸಿನ ಚೌಕಾವರಣಕ್ಕೂ ಹೋಲಿಕೆಯಿರುವುದು ನಿಜ. ಆದರೆ ಪಾಣಿನಿಯ ಬಳಿ ಕಮಾಂಡ್ ಲೈನ್ ಇದ್ದುದಕ್ಕೆ ಶಾಸನಾಧಾರ ದೊರೆತಿಲ್ಲವಾದ್ದರಿಂದ ಪೂರ್ವಪಕ್ಷ ಇಲ್ಲಿಗೆ ನಿಲ್ಲುತ್ತದೆ.

ಇನ್ನು ಸಂಜ್ಞಾಪ್ರಕರಣ. ಚುಕ್ಕಿ ಯಾವುದಾದರೂ ಒಂದು ಚಿಹ್ನೆಗೆ ಸಲ್ಲುತ್ತದೆ. ‘^’ ಸಾಲಿನ ಆದಿ, ‘$’ ಅಂತ್ಯ. ಅದೇ ‘^’ ಚೌಕಾವರಣದ ಒಳಗೆ ಮೊದಲಿಗೆ ಕುಳಿತರೆ ನಿಷೇಧಾರ್ಥಕ. ಕುಳಿತ ಜಾಗದಿಂದ ಅರ್ಥ ಬದಲಾಗುವುದು ಸರ್ಕಾರಿ ಕಚೇರಿ ಬಲ್ಲವರಿಗೆ ಹೊಸದಲ್ಲ. ನಕ್ಷತ್ರ ಮಾತ್ರ ಸ್ವತಂತ್ರವಲ್ಲ: ತನ್ನ ಹಿಂದಿನ ಚಿಹ್ನೆ ಎಷ್ಟು ಸಲ ಬಂದರೂ ಸರಿ, ಬಾರದಿದ್ದರೂ ಸರಿ ಎಂದಷ್ಟೇ ಅದರ ಅಭಿಪ್ರಾಯ. ‘ಬಾರದಿದ್ದರೂ ಸರಿ’ ಎಂಬ ಈ ಔದಾರ್ಯವೇ ಅನರ್ಥಗಳ ತವರು. ಕಡತದಲ್ಲಿ ರಾಮ, ರಾಮಾಯಣ, ರಾಮಪ್ಪ ಮೊದಲಾದವೆಲ್ಲ ಸಿಗಲೆಂದು ‘ರಾಮ*’ ಎಂದು ಬರೆದ ಸಾಧಕನಿಗೆ ರಾವಣನೂ ರಾಗಿಮುದ್ದೆಯೂ ಸಿಗುತ್ತವೆ. ನಕ್ಷತ್ರ ಮಕಾರವನ್ನು ಐಚ್ಛಿಕ ಮಾಡಿದ್ದರಿಂದ ‘ರಾ’ ಇದ್ದರೆ ಸಾಕು. ಸೂತ್ರವನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಇನ್ನೊಂದು ವಿಪತ್ತು: ನಕ್ಷತ್ರವನ್ನು ಶೆಲ್ ತನ್ನದೆಂದು ಭಾವಿಸಿ, ಹೊಂದುವ ಕಡತಗಳಿದ್ದರೆ ಅವುಗಳ ಹೆಸರನ್ನು ಅದರ ಜಾಗದಲ್ಲಿ ತುಂಬುತ್ತದೆ. ಗ್ರೆಪ್ ಆಗ ಯಾರೂ ಕೇಳದ್ದನ್ನು ಶ್ರದ್ಧೆಯಿಂದ ಹುಡುಕುತ್ತದೆ.

ಕನ್ನಡದ ಕಡತಕ್ಕೆ ಬಂದಾಗ ವಿಷಯ ಗಹನವಾಗುತ್ತದೆ, ಏಕೆಂದರೆ ಗ್ರೆಪ್‌ಗೆ ಕಾಣುವುದು ಯುನಿಕೋಡ್ ಸಂಕೇತಗಳೇ ಹೊರತು ಅಕ್ಷರಗಳಲ್ಲ. ಒಂದೇ ಅಕ್ಷರದ ಸಾಲು ಬೇಕೆಂದು ‘^.$’ ಎಂದರೆ ‘ಸ್ತ್ರೀ’ ಸಿಗುವುದಿಲ್ಲ. ಸಕಾರ, ತಕಾರ, ರಕಾರ, ಎರಡು ವಿರಾಮ, ಒಂದು ದೀರ್ಘ ಎಂದು ಆರು ಚುಕ್ಕಿ ಇಟ್ಟು ಕರೆದರೆ ಮಾತ್ರ ಬರುತ್ತಾಳೆ. ‘ಊರು’ ಎಂದು ಹುಡುಕಿದರೆ ಮೈಸೂರು, ಬೆಂಗಳೂರು, ಮಂಗಳೂರು ಮೂರೂ ತಪ್ಪಿಸಿಕೊಳ್ಳುತ್ತವೆ; ವ್ಯಂಜನಕ್ಕೆ ಅಂಟಿದ ಊಕಾರದ ಸಂಕೇತವೇ ಬೇರೆ. ‘ಊರಿಗೆ’ ಕೂಡ ಕೊನೆಯ ಉಕಾರ ಕಳೆದುಕೊಂಡು ಪಾರಾಗುತ್ತದೆ. ‘ಮನೆ’ಯನ್ನು ಹುಡುಕಿದರೆ ಮನೆತನವೂ ಅರಮನೆಯೂ ಸಿಗುವುದು ಯುಕ್ತವೇ, ಆದರೆ ಅವುಗಳ ಹಿಂದೆ ಸಾಲುಸಾಲಾಗಿ ‘ಸುಮ್ಮನೆ’ ಬರುತ್ತದೆ. ವೈಯಾಕರಣ ಕೇಶಿರಾಜ ಒಂದೊಂದಾಗಿ ಕಟ್ಟಿಕೊಟ್ಟ ಸಂಧಿನಿಯಮಗಳಲ್ಲಿ ಒಂದನ್ನೂ ಗ್ರೆಪ್ ಓದಿಲ್ಲ. ‘[ಅ-ಹ]’ ಎಂದರೆ ಇಡೀ ವರ್ಣಮಾಲೆ ಬಂತೆಂಬುದೂ ಭ್ರಮೆ: ಸ್ವರಚಿಹ್ನೆಗಳು ಆ ಗಡಿಯ ಹೊರಗಿವೆ. ‘^[ಅ-ಹ]*$’ ಸೂತ್ರಕ್ಕೆ ಕಮಲ, ನಗರಗಳಂಥ ನಿರಾಭರಣ ಪದಗಳ ಸಾಲುಗಳೂ, ನಕ್ಷತ್ರದ ಕೃಪೆಯಿಂದ ಖಾಲಿ ಸಾಲುಗಳೂ ಒಲಿಯುತ್ತವೆ. ಹಳಗನ್ನಡದ ೞಕಾರವೂ ಗಡಿಯಾಚೆಯೇ ಇದೆ. ಯುನಿಕೋಡ್ ಅದಕ್ಕೆ ತಪ್ಪಾಗಿ ‘ಫ’ ಎಂದು ನಾಮಕರಣ ಮಾಡಿ, ಇಟ್ಟ ಹೆಸರು ಬದಲಿಸಬಾರದೆಂಬ ತನ್ನ ನಿಯಮಕ್ಕೆ ತಾನೇ ಸಿಕ್ಕಿ, ತಿದ್ದುಪಡಿಯನ್ನು ಬೇರೊಂದು ಪಟ್ಟಿಯಲ್ಲಿ ಸೇರಿಸಿದೆ.

ಸಂಪ್ರದಾಯಗಳು ಮೂರು: ಬೇಸಿಕ್, ಎಕ್ಸ್‌ಟೆಂಡೆಡ್, ಪರ್ಲ್. ಕೂಡುಚಿಹ್ನೆಗೆ ಬ್ಯಾಕ್‌ಸ್ಲ್ಯಾಶ್ ತೊಡಿಸಿದರೆ ಮೊದಲ ಮಠದಲ್ಲಿ ಮಂತ್ರಶಕ್ತಿ ಬರುತ್ತದೆ, ಎರಡನೆಯದರಲ್ಲಿ ಇದ್ದದ್ದೂ ಹೋಗುತ್ತದೆ. ಪರ್ಲ್ ಮಾರ್ಗದವರು ಸಿದ್ಧಿಗಳನ್ನು ಹೆಚ್ಚಿಸಿಕೊಂಡು, ತಪ್ಪಿದಾಗಲೆಲ್ಲ ಹಿಂದಿರುಗಿ ಮತ್ತೊಂದು ದಾರಿ ಹಿಡಿಯುವ ವ್ರತ ಕೈಗೊಂಡರು. ಕೆಟ್ಟ ಸೂತ್ರ ಸಿಕ್ಕರೆ ಈ ಅಲೆದಾಟಕ್ಕೆ ಕೊನೆಯಿಲ್ಲ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಭದ್ರತಾ ನಿಯಮವೊಂದರಲ್ಲಿ ಚುಕ್ಕಿ-ನಕ್ಷತ್ರಗಳು ಬೆನ್ನುಬೆನ್ನಿಗೆ ನಿಂತು, ಅದರ ಆಶ್ರಯದಲ್ಲಿದ್ದ ಜಾಲತಾಣಗಳು ಲೋಕದಾದ್ಯಂತ ಸುಮಾರು 27 ನಿಮಿಷ ನೆಲಕಚ್ಚಿದ್ದವು. ಎಲ್ಲ ದಾರಿಗಳನ್ನೂ ಒಟ್ಟಿಗೆ ಹಿಡಿದು ಹಿಂದಿರುಗದೆ ಸಾಗುವ ಥಾಂಪ್ಸನ್‌ನ ವಿಧಾನಕ್ಕೆ ಆಗ ವಯಸ್ಸು ಐವತ್ತು ದಾಟಿತ್ತು.

ಉಳಿದದ್ದು ಫಲಶ್ರುತಿ. ‘ಐ’ ಆಯ್ಕೆ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವನ್ನು ಅಳಿಸುತ್ತದೆ, ಆ ಭೇದವೇ ಇಲ್ಲದ ಕನ್ನಡಕ್ಕೆ ನಿಷ್ಫಲ. ‘ವಿ’ ನೇತಿಮಾರ್ಗ: ಹೊಂದದ ಸಾಲುಗಳನ್ನೇ ತೋರಿಸುತ್ತದೆ. ‘ಸಿ’ ಎಣಿಸುತ್ತದೆ, ಆದರೆ ಸಾಲುಗಳನ್ನು; ಒಂದೇ ಸಾಲಿನಲ್ಲಿ ಪದ ಹತ್ತು ಸಲ ಬಂದರೂ ಲೆಕ್ಕ ಒಂದೇ. ಕೆಲಸ ಮುಗಿಸಿ ಗ್ರೆಪ್ ಶೆಲ್ಲಿಗೆ ಒಂದು ಅಂಕಿಯನ್ನು ಒಪ್ಪಿಸುತ್ತದೆ: ಸಿಕ್ಕಿದರೆ 0, ಸಿಗದಿದ್ದರೆ 1, ಕಡತವೇ ಇಲ್ಲದಂಥ ದೋಷಕ್ಕೆ 2. ‘ಕ್ಯೂ’ ಆಯ್ಕೆ ಕೊಟ್ಟವರಿಗೆ ಸಿಕ್ಕಿದ ಸಾಲನ್ನೂ ತೋರಿಸದೆ, ಸೊನ್ನೆಯೊಂದನ್ನೇ ಒಪ್ಪಿಸಿ ಹೊರಡುತ್ತದೆ.