ಫುಟ್‌ಬಾಲಿನ ಹಿತ ಕಾಯ್ದವರಿಗೊಂದು ಬಹಿರಂಗ ಪತ್ರ

2002ರ ಮೇ ತಿಂಗಳಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು ಅಪ್ಪಣೆ ಕೊಟ್ಟ ಆಯೋಗದ ಇಬ್ಬರು ಮಾನ್ಯರಿಗೆ,

(ಬೇಡವೆಂದ ಮೂರನೆಯ ಸದಸ್ಯರು ಇದನ್ನು ಓದಬೇಕಾಗಿಲ್ಲ.)

ಊರಲ್ಲೇ ಕ್ಲಬ್ಬನ್ನು ಮತ್ತೆ ಮೊದಲಿನಿಂದ ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ತಕ್ಕುದಲ್ಲವೆಂದು ತಾವು ಬರೆದಿದ್ದಿರಿ. ಅಭಿಮಾನಿಗಳು ಅಷ್ಟು ದೂರ ಓದಲಿಲ್ಲವೆಂದು ಕಾಣುತ್ತದೆ. ಮುಂದಿನ ತಿಂಗಳೇ ವಿಂಬಲ್ಡನ್ ಕಾಮನ್‌ನ ಹುಲ್ಲಿನ ಮೇಲೆ ಹೊಸ ತಂಡಕ್ಕೆ ಆಟಗಾರರನ್ನು ಆರಿಸತೊಡಗಿದರು. ಅವರ ಪರವಾಗಿ ಕ್ಷಮೆ ಕೋರುತ್ತೇನೆ.

ತಮ್ಮ ಇಕ್ಕಟ್ಟೂ ಸಣ್ಣದಲ್ಲ ಬಿಡಿ. 1988ರಲ್ಲಿ ಲಿವರ್‌ಪೂಲನ್ನೇ ಸೋಲಿಸಿ ಎಫ್‌ಎ ಕಪ್ ಗೆದ್ದ ಕ್ಲಬ್ಬಿಗೆ ಸ್ವಂತ ಮೈದಾನವೇ ಉಳಿದಿರಲಿಲ್ಲ. ಎಲ್ಲರಿಗೂ ಕುರ್ಚಿ ಹಾಕಬೇಕೆಂಬ ನಿಯಮ ಬಂದಾಗ, ಕ್ಲಬ್ಬಿನ ಮೈದಾನವಾದ ಪ್ಲೌ ಲೇನ್ ಇದಕ್ಕೆ ಒಗ್ಗದು ಎಂದ ಮಾಲೀಕರು 1991ರಲ್ಲಿ ಕ್ರಿಸ್ಟಲ್ ಪ್ಯಾಲೇಸ್‌ನ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆ ಹೋದರು. ಸ್ವಲ್ಪ ದಿನದ ಮಟ್ಟಿಗೆ ಎಂದುಕೊಂಡದ್ದು 12 ವರ್ಷವಾಯಿತು. ಅಷ್ಟರಲ್ಲಿ ಹಳೆಯ ಮೈದಾನ ಸೂಪರ್‌ಮಾರ್ಕೆಟ್ ಕಂಪನಿಯ ಪಾಲಾಗಿ, ಕೊನೆಗೆ ಅಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದವು. ಕಟ್ಟಡಗಳಿಗೆ ಕ್ಲಬ್ಬಿನ ಹಿರಿಯರ ಹೆಸರಿಟ್ಟಿದ್ದಾರೆ! ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಕಟ್ಟಿ, ಕೆರೆಯ ಹೆಸರನ್ನು ಪಕ್ಕದ ಬಡಾವಣೆಗೆ ಉಳಿಸಿಕೊಂಡ ಬೆಂಗಳೂರಿನವನಾದ ನನಗೆ ಈ ಔದಾರ್ಯ ಅರ್ಥವಾಗುತ್ತದೆ.

ಹೊಸ ಕ್ಲಬ್, ಅಂದರೆ ಎಎಫ್‌ಸಿ ವಿಂಬಲ್ಡನ್, ಕಿಂಗ್ಸ್‌ಮೆಡೋದಲ್ಲಿ ಆಡಿತು. ಅದು ಕಿಂಗ್‌ಸ್ಟೋನಿಯನ್ ಎಂಬ ಚಿಕ್ಕ ಕ್ಲಬ್ಬಿನ ಮನೆ. ಮುಂದೆ ಆ ಮೈದಾನ ವಿಂಬಲ್ಡನ್‌ನವರ ಕೈಗೆ ಬಂದು, ಅವರು ಅದನ್ನು ಚೆಲ್ಸಿಗೆ ಮಾರಿದಾಗ ಬೀದಿಗೆ ಬಿದ್ದದ್ದೂ ಕಿಂಗ್‌ಸ್ಟೋನಿಯನ್ನೇ. ಮನೆ ಕಳೆದುಕೊಂಡವರೇ ಇನ್ನೊಬ್ಬರ ಮನೆ ಮಾರಿದರು. ಈ ವಿಷಯದಲ್ಲಿ ನನ್ನ ಕಕ್ಷಿದಾರರೂ ತಮ್ಮಿಂದ ಸಾಕಷ್ಟು ಕಲಿತಿದ್ದಾರೆ.

ಇನ್ನು ಅಪರಾಧಗಳ ಪಟ್ಟಿ. 2011ರಲ್ಲಿ ಇವರು ಫುಟ್‌ಬಾಲ್ ಲೀಗಿಗೆ ನುಗ್ಗಿದರು. ಅಭಿಮಾನಿಗಳಿಂದಲೇ ಬಾಂಡ್ ರೂಪದಲ್ಲಿ ಸಾಲ ಎತ್ತಿ, ನಾಯಿ ಓಟದ ಹಳೆಯ ಕ್ರೀಡಾಂಗಣವಿದ್ದ ಜಾಗದಲ್ಲಿ ಹೊಸ ಪ್ಲೌ ಲೇನ್ ಕಟ್ಟಿದರು. ಹಳೆಯದರಿಂದ ಕೂಗಳತೆಯ ದೂರ. 2020ರ ನವೆಂಬರಿನಲ್ಲಿ ಮೊದಲ ಪಂದ್ಯ. ಕೋವಿಡ್‌ನಿಂದಾಗಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ದುಡ್ಡು ಹಾಕಿದವರು ಮನೆಯಲ್ಲೇ ಕೂತರು. ಇದೊಂದರಿಂದಲಾದರೂ ತಮಗೆ ಸಮಾಧಾನವಾಗಿರಬಹುದು.

2025ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ವಾಲ್ಸಲ್ ತಂಡವನ್ನು ಮಣಿಸಿ ಇವರು ಮೂರನೆಯ ದರ್ಜೆಗೆ ಏರಿದರು. ತಾವು ಹರಸಿ ಕಳಿಸಿದ ಮಿಲ್ಟನ್ ಕೀನ್ಸ್‌ನ ತಂಡ ಆಗ ನಾಲ್ಕನೆಯದರಲ್ಲಿತ್ತು. ವಿಶಾಲ ಹಿತಕ್ಕೆ ಆದ ನಷ್ಟವನ್ನು ಯಾರಿಂದ ವಸೂಲು ಮಾಡಬೇಕೆಂದು ದಯವಿಟ್ಟು ಕ್ಲಬ್ಬಿಗೇ ಬರೆದು ತಿಳಿಸಿ. ವಿಳಾಸ: ಪ್ಲೌ ಲೇನ್, ವಿಂಬಲ್ಡನ್. ಕಾಗದವನ್ನು ಮಿಲ್ಟನ್ ಕೀನ್ಸ್‌ಗೆ ಹಾಕಬೇಡಿ.

ಇಂತಿ ತಮ್ಮ ವಿಧೇಯ,
ಬೆಂಗಳೂರಿನ ಒಬ್ಬ ಫುಟ್‌ಬಾಲ್ ಹುಚ್ಚ