ಎರಡು ಪಾಲಾದ ಕೀಲಿಮಣೆ

ಅಂಗಡಿಯಲ್ಲಿ ಸಿಗುವ ಮಾಮೂಲಿ ಕೀಲಿಮಣೆಗೆ 104 ಕೀಲಿ, ಬೆಲೆ ನಾಲ್ಕೈದು ನೂರು ರೂಪಾಯಿ. ನಾನು ಕಟ್ಟಿಕೊಂಡದ್ದಕ್ಕೆ 42 ಕೀಲಿ, ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಕೀಲಿ ಇಳಿದಂತೆಲ್ಲ ಖರ್ಚು ಏರುವುದು ಈ ಹುಚ್ಚಿನ ಮೂಲ ನಿಯಮ.

ಇದರ ಹೆಸರು ಕಾರ್ನೆ. ಜಪಾನಿನ ಹವ್ಯಾಸಿಯೊಬ್ಬರು ರೂಪಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ನಕ್ಷೆಯನ್ನು ಬಿಟ್ಟುಕೊಟ್ಟದ್ದು. ಎಡಗೈಗೆ 21, ಬಲಗೈಗೆ 21, ನಡುವೆ ಒಂದು ವೈರು. ನೋಡಿದವಳೇ ಅಮ್ಮ, “ಅಣ್ಣತಮ್ಮಂದಿರು ಪಾಲು ಮಾಡ್ಕೊಂಡ ಹಾಗಿದೆಯಲ್ಲೋ” ಎಂದಳು.

ಮಾಮೂಲಿ ಕೀಲಿಮಣೆಯ ಸಾಲುಗಳು ಓರೆಯಾಗಿರುವುದು 1870ರ ದಶಕದ ಟೈಪ್‌ರೈಟರಿನ ಋಣ. ಒಂದು ಕೀಲಿಯ ಸನ್ನೆಕೋಲು ಇನ್ನೊಂದಕ್ಕೆ ತಾಗದಿರಲೆಂದು ಸಾಲುಗಳನ್ನು ಸರಿಸಿದ್ದರು. ಸನ್ನೆಕೋಲು ಹೋಯಿತು, ಓರೆ ಉಳಿಯಿತು. ಕಾರ್ನೆಯಲ್ಲಿ ಕೀಲಿಗಳು ನೆಟ್ಟಗೆ ನಿಂತಿವೆ. ಕಿರುಬೆರಳು ಗಿಡ್ಡವೆಂದು ಅದರ ಪಾಲಿನವು ತುಸು ಕೆಳಗಿವೆ. ನನ್ನ ಕಿರುಬೆರಳಿಗೆ ಈವರೆಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಪ್ರತಿ ಕೀಲಿಗೂ ಒಂದು ಡಯೋಡು ಬೇಕು. ಇಲ್ಲದಿದ್ದರೆ ಮೂರು ಕೀಲಿ ಒಟ್ಟಿಗೆ ಅದುಮಿದಾಗ, ಮುಟ್ಟದೇ ಇದ್ದ ನಾಲ್ಕನೆಯದೂ ಪರದೆಯ ಮೇಲೆ ಪ್ರತ್ಯಕ್ಷವಾದೀತು. ಬಲ್ಲವರು ಅದನ್ನು ದೆವ್ವವೆಂದೇ ಕರೆಯುತ್ತಾರೆ. ಅಮ್ಮನಿಗೆ ಇದನ್ನೂ ಹೇಳಿಲ್ಲ, ಹೋಮ ಮಾಡಿಸಿಯಾಳು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಡಯೋಡು ತಂದದ್ದಾಯಿತು. 42 ಡಯೋಡಿಗೆ 84 ಕಾಲು, 84 ಬೆಸುಗೆ. ಒಗ್ಗರಣೆಯ ಘಮವನ್ನು ಫ್ಲಕ್ಸಿನ ಹೊಗೆ ಸೋಲಿಸಿದ ದಿನ ನನ್ನನ್ನು ಬಾಲ್ಕನಿಗೆ ವರ್ಗ ಮಾಡಲಾಯಿತು.

ಸ್ವಿಚ್ಚುಗಳದ್ದೇ ಬೇರೆ ಪುರಾಣ. ಜರ್ಮನಿಯ ಚೆರ್ರಿ ಕಂಪನಿಯ ಪೇಟೆಂಟ್ ಮುಗಿದ ಮೇಲೆ ಚೀನಾದವರು ತರಾವರಿ ಸ್ವಿಚ್ಚು ಮಾಡಿ ಗುಡ್ಡೆ ಹಾಕಿದ್ದಾರೆ. ಕೆಂಪು ಸುಮ್ಮನೆ ಒಳಗಿಳಿಯುತ್ತದೆ, ನೀಲಿ ಟಕ್ಕೆನ್ನುತ್ತದೆ. ನಾನು ಹಾಕಿದ್ದು ನೀಲಿ. ರಾತ್ರಿ ಬರೆದ ಪ್ರಬಂಧ ಎಷ್ಟುದ್ದವೆಂದು ಪಕ್ಕದ ಮನೆಯವರು ಬೆಳಿಗ್ಗೆ ಕರಾರುವಾಕ್ಕಾಗಿ ಹೇಳುತ್ತಾರೆ.

ಅಂಕಿಗಳಿಗೆ ಇಲ್ಲಿ ಸ್ವಂತ ಮನೆಯಿಲ್ಲ. ಹೆಬ್ಬೆರಳಲ್ಲಿ ಒಂದು ಕೀಲಿ ಹಿಡಿದರೆ ಅಕ್ಷರಗಳೇ ಅಂಕಿಗಳಾಗುತ್ತವೆ. ಬ್ಯಾಂಕಿನ ಒಟಿಪಿಯ ಆಯಸ್ಸು ತೀರುವುದರೊಳಗೆ ಎಂಟು ಎಲ್ಲಿದೆಯೆಂದು ಬೆರಳಿಗೆ ನೆನಪಾಗಬೇಕು. ಕೀಲಿಗಳ ಮೇಲೆ ಏನೂ ಅಚ್ಚಾಗಿಲ್ಲವಾದ್ದರಿಂದ ನನ್ನ ಕಂಪ್ಯೂಟರನ್ನು ಈಗ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಯಾವ ಪಾಸ್‌ವರ್ಡೂ ಇಷ್ಟು ಭದ್ರವಲ್ಲ.

ಪಾಲಿನ ನಿಜವಾದ ಗಮ್ಮತ್ತು ಕನ್ನಡ ಬರೆಯುವಾಗ. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವುದು ಇಂಗ್ಲಿಷಿನ ಎಫ್ ಕೀಲಿ. ಅದು ಎಡಗೈ ಕಡೆಯದು. ‘ನ’ ಬಲಗೈ ಕಡೆಯದು. ‘ಅನ್ನ’ ಬೇಕೆಂದರೆ ಎರಡೂ ಪಾಲಿನವರು ಒಪ್ಪಬೇಕು. ನಡುವಿನ ವೈರು ಸಡಿಲಾಗಿ ಎಡಗಡೆ ಮುನಿಸಿಕೊಂಡಿತೋ, ಒತ್ತಕ್ಷರಕ್ಕೆ ಬರ. ಹಾಗೆಂದು ಕರೆಂಟು ಹರಿಯುತ್ತಿರುವಾಗಲೇ ವೈರನ್ನು ಕಿತ್ತು ಚುಚ್ಚುವಂತಿಲ್ಲ. ಒಳಗಿನ ಚಿಪ್ಪೇ ಸುಟ್ಟೀತು.

ಓದಿ ಆಸೆ ಹುಟ್ಟಿದವರು ಮೊದಲು ನಕ್ಷೆಯನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಬೆರಳಿಟ್ಟು ಒಂದು ವಾರ ಸುಮ್ಮನೆ ಟೈಪಿಸಿ ನೋಡಿ. ಜೆರಾಕ್ಸ್ ಅಂಗಡಿಯಲ್ಲಿ ಅದಕ್ಕೆ ಹತ್ತು ರೂಪಾಯಿಯೊಳಗೆ ಆಗುತ್ತದೆ. ಆಸೆ ಅಷ್ಟಕ್ಕೇ ತೀರಿದರೆ, ಉಳಿದ ದುಡ್ಡಲ್ಲಿ ನನಗೊಂದು ಸೆಟ್ ಕೆಂಪು ಸ್ವಿಚ್ಚು ಕಳಿಸಿಕೊಡಿ. ಪಕ್ಕದ ಮನೆಯವರ ಪರವಾಗಿ ಕೇಳುತ್ತಿದ್ದೇನೆ.